ಬಾಟಲಿಯ ಗುಲಾಬಿಗೆ ಕೊಪ್ಪಳದ ಗಾಳಿ

ಕೊಪ್ಪಳದ ಹತ್ತಿರ ಒಂದು ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಗಿಡದ ಸಣ್ಣ ತುಂಡನ್ನು ಬಾಟಲಿಯಲ್ಲಿಟ್ಟು ಸಸಿ ಮಾಡುವ ಕೆಲಸ ಅದು. ಗುಲಾಬಿ ಸಸಿಗಳ ಹೊಣೆ ನನ್ನದು. ಹೊಸದಾಗಿ ಸೇರಿದ ಹುಡುಗಿಯರಿಗೆಲ್ಲ ಒಳಗಿನ ಕೆಲಸ ಕಲಿಯುವ ಆಸೆ. ನಾನು ಮೊದಲು ಕರೆದುಕೊಂಡು ಹೋಗುವುದು ಹೊರಗಿನ ಹಾರ್ಡನಿಂಗ್ ಶೆಡ್ಡಿಗೆ, ಅಂದರೆ ಬಾಟಲಿಯಿಂದ ತೆಗೆದ ಸಸಿಯನ್ನು ಹೊರಗಾಳಿಗೆ ಒಗ್ಗಿಸುವ ಜಾಗಕ್ಕೆ. ನಮ್ಮ ಸೀಮೆಯಲ್ಲಿ ಸಸಿ ಉಳಿಯೋದು, ಹೋಗೋದು ಅಲ್ಲೇ ತೀರ್ಮಾನವಾಗುತ್ತದೆ.

ಒಳಗಿನ ಕೆಲಸಕ್ಕೆ ಗಟ್ಟಿ ದಾರಿ ಇದೆ. ಸಸ್ಯವಿಜ್ಞಾನಿಗಳಾದ ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ಕೊಟ್ಟ ಮೀಡಿಯಾವನ್ನೇ, ಅಂದರೆ ಸಸಿಗೆ ಬೇಕಾದ ಪೋಷಕಾಂಶಗಳ ಮಿಶ್ರಣವನ್ನೇ, ಇವತ್ತಿಗೂ ಬಳಸುತ್ತೇವೆ. ಲೀಟರಿಗೆ 30 ಗ್ರಾಂ ಸಕ್ಕರೆ, 121 ಡಿಗ್ರಿಯಲ್ಲಿ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವುದು). ಗೆಣ್ಣಿನ ತುಂಡಿನಿಂದ ಚಿಗುರು ಹೆಚ್ಚಿಸಲು ಬಿಎಪಿ, ಬೇರಿಗೆ ಐಬಿಎ ಎಂಬ ಬೆಳವಣಿಗೆ ಪ್ರಚೋದಕಗಳು. ಕೋಣೆ ಸುಮಾರು 25 ಡಿಗ್ರಿ, ದಿನಕ್ಕೆ 16 ತಾಸು ಬೆಳಕು. ಕೈ ಶುದ್ಧವಾಗಿದ್ದರೆ ಚಿಗುರು ಬರುತ್ತದೆ.

ಶೆಡ್ಡಿನಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿಸುತ್ತೇನೆ. ಬಾಟಲಿಯ ಎಲೆ ಒಂದು, ತೋಟದ ಗುಲಾಬಿ ಎಲೆ ಒಂದು, ಎರಡನ್ನೂ ಫ್ಯಾನಿನ ಕೆಳಗೆ ಇಡಬೇಕು. ನೋಡನೋಡುತ್ತಲೇ ಬಾಟಲಿ ಎಲೆಯ ಅಂಚು ಮುದುಡಿ, ಹಸಿರು ಮಂಕಾಗುತ್ತದೆ. ತೋಟದ್ದು ಹಾಗೇ ಇರುತ್ತದೆ. 'ಅಕ್ಕಾ, ಇಷ್ಟು ಬೇಗನಾ?' ಅಂತಾರೆ. ಬಾಟಲಿಯೊಳಗೆ ಗಾಳಿ ಸದಾ ತೇವ. ಅದಕ್ಕೇ ಎಲೆಯ ಮೇಲಿನ ಮೇಣದ ಪದರ ತೆಳು, ಪತ್ರರಂಧ್ರಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಒಳಗಿನ ನೀರು ಸುಮ್ನೆ ಆರಿಹೋಗುತ್ತದೆ. ಅಗರಿನಲ್ಲಿ, ಅಂದರೆ ಮೀಡಿಯಾವನ್ನು ಗಟ್ಟಿ ಮಾಡುವ ಜೆಲ್ಲಿಯಲ್ಲಿ, ಬೆಳೆದ ಬೇರಿಗೂ ಅಷ್ಟು ನೀರು ಎಳೆಯುವ ತಾಕತ್ತಿಲ್ಲ. ಪಾಪ, ಮೇ ತಿಂಗಳ ನಮ್ಮ ಒಣಗಾಳಿಗೆ ಅದು ಹೇಗೆ ತಡೆಯಬೇಕು?

ಹಾಗಾಗಿ ಬೇರಿಗಂಟಿದ ಅಗರನ್ನು ಪೂರ್ತಿ ತೊಳೆಯಬೇಕು. ಸಕ್ಕರೆ ಉಳಿದರೆ ಬೂಷ್ಟು ಗ್ಯಾರಂಟಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇಯಲ್ಲಿಟ್ಟು ಪ್ಲಾಸ್ಟಿಕ್ ಹೊದಿಸಿ, ನೆರಳಲ್ಲಿ ಇಡುತ್ತೇವೆ. ಮೊದಲು ಬೆಳಗ್ಗೆ, ಸಂಜೆ ಮಾತ್ರ ಸ್ವಲ್ಪ ಹೊತ್ತು ತೆರೆಯುವುದು. ಎಷ್ಟು ದಿನಕ್ಕೆ ಪೂರ್ತಿ ತೆಗೆಯೋದು ಅಂತ ಎಲ್ಲರೂ ಕೇಳುತ್ತಾರೆ. ನಾನು ಕ್ಯಾಲೆಂಡರ್ ನೋಡಲ್ಲ, ಸುಳಿ ನೋಡುತ್ತೇನೆ. ಬಾಟಲಿಯಲ್ಲಿ ಹುಟ್ಟಿದ ಎಲೆಯನ್ನು ನಂಬುವ ಹಾಗಿಲ್ಲ. ಹೊರಗೆ ಬಂದಮೇಲೆ ಮೂಡಿದ ಎಲೆ ಸ್ವಲ್ಪ ದಪ್ಪ, ಮುಟ್ಟಿದರೆ ಗಡುಸು. ಅಂಥ ಎಲೆಗಳು ಬಿಚ್ಚಿಕೊಂಡ ಮೇಲೇ ಹೊದಿಕೆ ತೆಗೆಸುವುದು.

ಮಂಜಿನಂತೆ ನೀರು ಸಿಂಪಡಿಸುವ ಫಾಗರ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ನಮ್ಮ ಬೋರ್‌ವೆಲ್ ನೀರು ಗಡಸು, ನಳಿಕೆ ಕಟ್ಟಿಕೊಳ್ಳುತ್ತದೆ, ಕರೆಂಟೂ ಹೋಗುತ್ತದೆ. ಬೇಸಿಗೆಯ ಮಧ್ಯಾಹ್ನ ಒಂದು ತಾಸು ಫಾಗರ್ ನಿಂತರೆ ಟ್ರೇಗಟ್ಟಲೆ ಸಸಿ ಹೋಗುತ್ತವೆ.

ಇದನ್ನೆಲ್ಲ ಲೆಕ್ಕ ಹಾಕಿಯೇ ಈಗ ಲ್ಯಾಬಿನ ಕೆಲಸದ ದಿನಗಳನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡುತ್ತೇವೆ. ಸಸಿ ಹೊರಗೆ ಬರುವ ಹೊತ್ತಿಗೆ ಮಳೆಗಾಲ ಶುರುವಾಗಿರಬೇಕು. ಅದಕ್ಕೆ ಸರಿಯಾಗಿ ಬೇರಿನ ಮೀಡಿಯಾಕ್ಕೆ ಹಾಕುವ ದಿನ. ಮೇನಲ್ಲಿ ಕೊಡಿ ಅಂತ ಆರ್ಡರ್ ಬಂದರೆ, ಜುಲೈವರೆಗೆ ಕಾಯಲು ಆಗುತ್ತಾ ಅಂತ ಮೊದಲೇ ಕೇಳುತ್ತೇವೆ.