ಮಲ್ಲಿಗೆ ಕಟ್ಟುತ್ತಿದ್ದ ನಮ್ಮ ಪೊರ್ಬು ಮಾಸ್ಟ್ರು

ನಾನು 1990-91ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಶಾಲೆಯ ಪತ್ರಿಕೆಗೆ ಏನಾದರೂ ಬರೆದುಕೊಡು ಅಂತ ಗೆಳೆಯ ಕೇಳಿದಾಗ ಬೇರೆ ಯಾವ ವಿಷಯವೂ ತಲೆಗೆ ಬರಲಿಲ್ಲ. ನಮ್ಮ ಗಣಿತದ ಮಾಸ್ಟ್ರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಹೆಸರು ಬರೆಯುತ್ತಿಲ್ಲ. ಎಲ್ಲಿಯೂ ತನ್ನ ಹೆಸರು ಹಾಕಿಸಿಕೊಂಡವರಲ್ಲ ಅವರು. ನಮ್ಮ ಊರಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬು ಅಂತಲೇ ಕರೆಯುವುದು, ಹಾಗಾಗಿ ನಮ್ಮ ಕಾಲದವರಿಗೆ ಪೊರ್ಬು ಮಾಸ್ಟ್ರು ಅಂದರೆ ಸಾಕು, ಗೊತ್ತಾಗುತ್ತದೆ.

ಅವರ ಮನೆ ಉಡುಪಿ ಕಡೆಯ ಶಂಕರಪುರದ ಹತ್ತಿರ. ಅಲ್ಲಿ ಅಂಗಳ ಅಂದರೆ ಮಲ್ಲಿಗೆ ಗಿಡ ಇರಲೇಬೇಕು ಅಲ್ವಾ. ಬೆಳಕು ಹರಿಯುವ ಮೊದಲೇ ಮಾಸ್ಟ್ರು, ಅವರ ಹೆಂಡತಿ ಬಾಯಮ್ಮ, ಮಕ್ಕಳು ಎಲ್ಲರೂ ಬುಟ್ಟಿ ಹಿಡಿದು ಗಿಡದ ಬುಡಕ್ಕೆ ಬರುತ್ತಿದ್ದರು. ಬಿಸಿಲೇರುವ ಮುಂಚೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಏಜೆಂಟರಿಗೆ ಕೊಟ್ಟು, ಸ್ನಾನ ಮಾಡಿ, ಒಂಬತ್ತೂವರೆಗೆ ಶಾಲೆಯಲ್ಲಿ ಇರುತ್ತಿದ್ದರು. ಅವರ ಬೆರಳ ತುದಿ ಯಾವಾಗಲೂ ನಾರಿನ ಕರೆ ಹಿಡಿದು ಸ್ವಲ್ಪ ಕಪ್ಪಾಗಿರುತ್ತಿತ್ತು. ಅದೇ ಬೆರಳಲ್ಲಿ ಸೀಮೆಸುಣ್ಣ.

ಗುಣಾಕಾರವನ್ನೂ ಅವರು ಮಲ್ಲಿಗೆಯಲ್ಲೇ ಕಲಿಸಿದ್ದು. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಹಾಗಾದರೆ ಒಂದು ಅಟ್ಟೆಗೆ ಎಷ್ಟು ಸಲ ಕೈ ಬಗ್ಗಬೇಕು? 3200 ಅಂತ ನಾವು ಕೂಗುತ್ತಿದ್ದೆವು. ಆಮೇಲೆ ನನ್ನ ಕಡೆ ತಿರುಗಿ, ನಿನ್ನ ಅಮ್ಮ ಸಾವಿರ ಬೀಡಿಗೆ ಎಷ್ಟು ಸಲ ಎಲೆ ಸುತ್ತುತ್ತಾರೆ ಲೆಕ್ಕ ಹಾಕು ಅನ್ನುತ್ತಿದ್ದರು. ಅಮ್ಮನ ಕೈಯ ಕೆಲಸವನ್ನು ತರಗತಿಯಲ್ಲಿ ಅಷ್ಟು ಗೌರವದಿಂದ ಯಾರಾದರೂ ಹೇಳಬಹುದು ಅಂತ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಅವರ ಹಣೆಯ ಮೇಲೆ ಬೂದಿ ಕಂಡೆ. ಸರ್, ಹಣೆಗೆ ಏನೋ ಹತ್ತಿದೆ ಅಂದೆ. ಅವರು ಬೈಯಲಿಲ್ಲ. ಇವತ್ತು ಬೂದಿ ಬುಧವಾರ, ಕಳೆದ ವರ್ಷ ಗರಿಗಳ ಭಾನುವಾರಕ್ಕೆ ಕೊಟ್ಟ ಗರಿಯನ್ನೇ ಸುಟ್ಟು ಈ ಬೂದಿ ಮಾಡುತ್ತಾರೆ, ನಾನು ಮಣ್ಣು ಅಂತ ನೆನಪಿರಲಿ ಅಂತ ಹಚ್ಚುತ್ತಾರೆ ಅಂದರು. ಅಷ್ಟು ಹೇಳಿ ಬೋರ್ಡಿನ ಕಡೆ ತಿರುಗಿದರು. ತಮ್ಮ ದೇವರ ಬಗ್ಗೆ ಅವರು ನನ್ನ ಹತ್ತಿರ ಇದಕ್ಕಿಂತ ಜಾಸ್ತಿ ಮಾತಾಡಿದ್ದೇ ಇಲ್ಲ. ಆದರೆ ಆ ಮನೆಯಲ್ಲಿ ಎರಡು ವರ್ಷ ಸಂಜೆ ಕೂತವನಿಗೆ ಮಾತು ಬೇಕಿರಲಿಲ್ಲ.

ಹತ್ತನೇ ಕ್ಲಾಸು ಮುಗಿಯುವವರೆಗೂ ನನಗೆ ಅವರ ಮನೆಯಲ್ಲಿ ಟ್ಯೂಷನ್. ದುಡ್ಡು ಮುಟ್ಟಲಿಲ್ಲ. ಇಗರ್ಜಿಯ, ಅಂದರೆ ಚರ್ಚಿನ, ಆಮೋರಿ ಗಂಟೆ (ಸಂಜೆಯ ಪ್ರಾರ್ಥನೆಯ ಗಂಟೆ) ಕೇಳಿದ ಕೂಡಲೇ ಪುಸ್ತಕ ಮುಚ್ಚಬೇಕು. ಒಳಗೆ ಅಲ್ತಾರಿನ (ಮನೆಯ ದೇವರ ಪೀಠದ) ಎದುರು ಎಲ್ಲರೂ ಮೊಣಕಾಲೂರಿ ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತಿದ್ದರು, ನಾನು ಜಗಲಿಯಲ್ಲಿ ಕೂತು ಕೇಳುತ್ತಿದ್ದೆ. ಕೊಂಕಣಿ ಅರ್ಥವಾಗದಿದ್ದರೂ ಹತ್ತತ್ತರ ಐದು ಸುತ್ತು ಅಂತ ಎಣಿಸಿ ತಿಳಿದುಕೊಂಡಿದ್ದೆ. ಮುಗಿದ ಮೇಲೆ ಮಕ್ಕಳು ದೊಡ್ಡವರಿಂದ ಶುರುಮಾಡಿ ಒಬ್ಬೊಬ್ಬರಾಗಿ ಬಂದು ಕೈ ಜೋಡಿಸಿ 'ಬೆಸಾಂವ್', ಅಂದರೆ ಆಶೀರ್ವಾದ, ಕೇಳುತ್ತಿದ್ದರು. ಹಗಲು ಏನೇ ಜಗಳ ಆಗಿರಲಿ, ಬೈಗುಳ ತಿಂದಿರಲಿ, ಆ ಹೊತ್ತಿಗೆ ಅಪ್ಪನ ಕೈ ತಲೆಯ ಮೇಲೆ ಬರಲೇಬೇಕು. ಒಂದು ವಾರ ಹೀಗೆ ನೋಡುತ್ತಾ ಕೂತಿದ್ದೆ. ಆಮೇಲೊಂದು ದಿನ ಮಾಸ್ಟ್ರು ಜಗಲಿಗೆ ಬಂದವರು ಸುಮ್ನೆ ನನ್ನ ತಲೆಯ ಮೇಲೂ ಕೈಯಿಟ್ಟರು. ಅಂದಿನಿಂದ ಅದು ದಿನಾ ನಡೆಯಿತು. ನನಗೆ ಅಪ್ಪ ಇರಲಿಲ್ಲ.

1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. ಮಾಸ್ಟ್ರ ದೊಡ್ಡ ಮಗ ಅಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಫೋನಿಲ್ಲ, ಪತ್ರವಿಲ್ಲ. ಸಂಜೆ ರೇಡಿಯೋದ ಸುದ್ದಿಗೆ ಅಕ್ಕಪಕ್ಕದವರೂ ಬಂದು ಜಗಲಿ ತುಂಬುತ್ತಿತ್ತು, ಯಾಕೆಂದರೆ ನಮ್ಮ ಕಡೆ ಗಲ್ಫಿನಲ್ಲಿ ಯಾರೂ ಇಲ್ಲದ ಮನೆ ಕಡಿಮೆ. ಮಾಸ್ಟ್ರು ಒಂದು ದಿನವೂ ರಜೆ ಹಾಕಲಿಲ್ಲ. ಒಂದು ಸಂಜೆ ಮಾತ್ರ ತೆರ್ಸ್ ನಡೆಸುತ್ತಿದ್ದವರ ಸ್ವರ ನಡುವೆ ನಿಂತುಹೋಯಿತು. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಸಣ್ಣ ಮಗಳ ಸ್ವರ ಅಲ್ಲಿಂದಲೇ ಮುಂದುವರಿಸಿತು.

ಸೆಪ್ಟೆಂಬರ್ 8 ಬಂತು. ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ ಅನ್ನುತ್ತೇವೆ. ಯೇಸುವಿನ ತಾಯಿ ಮರಿಯಮ್ಮನವರು ಹುಟ್ಟಿದ ದಿನ. ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂವು ತೆಗೆದುಕೊಂಡು ಹೋಗುತ್ತಾರೆ, ಹಬ್ಬದ ದಿನ ಇಗರ್ಜಿಯ ಗುರುಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಆ ಕಾಳಿನ ಸಿಪ್ಪೆ ಬಿಡಿಸಿ, ಅರೆದು, ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯುತ್ತಾರೆ. ಊಟಕ್ಕೆ ಮೀನು ಮಾಂಸ ಇಲ್ಲ, ಬರೀ ತರಕಾರಿ, ಅದೂ ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯಲ್ಲಿ. ನಮ್ಮಲ್ಲೂ ತೆನೆ ತಂದು ಮನೆ ತುಂಬಿಸುವುದು, ಹೊಸ ಅಕ್ಕಿ ಊಟ ಮಾಡುವುದು ಇದೆಯಲ್ಲ, ಹಾಗಾಗಿ ನನಗೆ ಬೇರೆಯವರ ಹಬ್ಬ ಅನ್ನಿಸಲೇ ಇಲ್ಲ.

ಆ ವರ್ಷ ನಾನೂ ಊಟಕ್ಕೆ ಕೂತಿದ್ದೆ. ಮಾಸ್ಟ್ರು ತೆನೆ ಬಿಡಿಸುತ್ತಾ ಒಬ್ಬೊಬ್ಬರ ಪಾಲಿನ ಕಾಳು ತೆಗೆದರು. ದೂರ ಇರುವವರ ಪಾಲನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದು ರೂಢಿ, ಗಲ್ಫಿಗೆ, ಬೊಂಬಾಯಿಗೆ ಹೀಗೆ ಎಷ್ಟೋ ಕಾಳು ಹೋಗುತ್ತವೆ. ಅವತ್ತು ಮಗನ ಪಾಲು ಕಳಿಸಲು ವಿಳಾಸವೇ ಇಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ನಾಲ್ಕು ಮಡಿಕೆ ಮಾಡಿ, ಏಳೆಂಟು ಕಾಳು ಅದರೊಳಗಿಟ್ಟು ಅಲ್ತಾರಿನ ಮೂಲೆಯಲ್ಲಿಟ್ಟರು. ಬಾಯಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ಬಡಿಸಲು ಹೋದರು. ಯಾರೂ ಏನೂ ಹೇಳಲಿಲ್ಲ.

ಕುವೈತಿನಲ್ಲಿ ಸಿಕ್ಕಿಬಿದ್ದ ಒಂದು ಲಕ್ಷಕ್ಕೂ ಜಾಸ್ತಿ ಭಾರತೀಯರನ್ನು ಏರ್ ಇಂಡಿಯಾದವರು ಜೋರ್ಡನ್ನಿನ ಅಮ್ಮಾನ್‌ನಿಂದ ಊರಿಗೆ ತಂದರು, 488 ವಿಮಾನಗಳಲ್ಲಿ. ಅದರಲ್ಲಿ ಒಂದರಲ್ಲಿ ಮಾಸ್ಟ್ರ ಮಗನಿದ್ದ. ಬಾಗ್ದಾದಿನ ದಾರಿಯಾಗಿ ಬಸ್ಸಿನಲ್ಲಿ ಬಂದು, ಮರಳುಗಾಡಿನ ಟೆಂಟಿನಲ್ಲಿ ದಿನ ಕಳೆದು, ಬೊಂಬಾಯಿಯಿಂದ ಮತ್ತೆ ಬಸ್ಸು ಹಿಡಿದು ಸೆಪ್ಟೆಂಬರ್ ಕೊನೆಗೆ ಸಂಜೆ ಹೊತ್ತಿಗೆ ಅಂಗಳಕ್ಕೆ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅಷ್ಟೇ. ಬಾಯಮ್ಮ ಅಳುತ್ತಾ ಓಡಿದರು. ಮಾಸ್ಟ್ರು ಒಳಗೆ ಹೋಗಿ ಆ ಕ್ಯಾಲೆಂಡರ್ ಪೊಟ್ಟಣ ಬಿಚ್ಚಿ, ಕಾಳು ಅರೆದು, ಹಾಲಿಗೆ ಹಾಕಿ ತಂದು ಕೊಟ್ಟರು. ಕುಡಿ ಅಂದರು. ಅವನು ನಿಂತಲ್ಲೇ ಕುಡಿದ. ಅವತ್ತು ಟ್ಯೂಷನ್ ಇರಲಿಲ್ಲ, ಆದರೆ ನನ್ನನ್ನು ಹೋಗು ಅಂತಲೂ ಅನ್ನಲಿಲ್ಲ.

ನಾನು ಕಲಿತು, ಕೆಲಸ ಹಿಡಿದು ಪುಣೆಗೆ ಬಂದೆ. ಮಾಸ್ಟ್ರು 1998ರಲ್ಲಿ ನಿವೃತ್ತರಾದರು. ಐದು ವರ್ಷಕ್ಕೆ ಬಾಯಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಹೋಯಿತು, ಮಾತೂ ತೊದಲಿತು. ಮಕ್ಕಳೆಲ್ಲ ಬನ್ನಿ ಅಂತ ಕರೆದರು, ಹೋಮ್ ನರ್ಸ್ ಇಡೋಣ ಅಂದರು. ಒಪ್ಪಲಿಲ್ಲ. ಹನ್ನೊಂದು ವರ್ಷ ಸ್ನಾನ, ಊಟ, ಬಟ್ಟೆ ಎಲ್ಲ ಅವರೇ ಮಾಡಿದರು. ಊರಿಗೆ ಬಂದಾಗೆಲ್ಲ ಹೋಗುತ್ತಿದ್ದೆ. ಒಮ್ಮೆ ಬೆಳಿಗ್ಗೆ ಹೋದಾಗ ಕಂಡಿದ್ದು ಈಗಲೂ ಕಣ್ಣ ಮುಂದಿದೆ. ಬಾಯಮ್ಮನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು ಬಿಳಿ ಕೂದಲಿಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದರು. ಪಕ್ಕದಲ್ಲಿ ಒಂದು ಹಿಡಿ ಮೊಗ್ಗು. ನಾರು ನೀರಲ್ಲಿ ಅದ್ದಿ, ಎರಡೆರಡೇ ಮೊಗ್ಗು ಜೋಡಿಸಿ ಕಟ್ಟಿ, ಜಡೆಗೆ ಮುಡಿಸಿದರು. ಆಮೇಲೆ ಎದುರಿಗೆ ಬಂದು, ಬಗ್ಗಿ, ನೆಟ್ಟಗಿದೆಯಾ ಅಂತ ನೋಡಿದರು. ಬಾಯಮ್ಮ ಎಡಗೈಯಲ್ಲಿ ಹೂವನ್ನು ಮುಟ್ಟಿ ನೋಡಿಕೊಂಡು ಅರ್ಧ ನಕ್ಕರು. ಮೊದಲೆಲ್ಲ ಮಾರಲು ಕಟ್ಟಿ ಕಟ್ಟಿ ಇವಳ ತಲೆಗೆ ಮುಡಿಸಲು ಪುರಸೊತ್ತೇ ಆಗಲಿಲ್ಲ ಮಾರಾಯ ಅಂದರು ಮಾಸ್ಟ್ರು.

ಬಾಯಮ್ಮ 2014ರಲ್ಲಿ ಹೋದರು. ಅದಾದ ಮೇಲೂ ಒಂಬತ್ತು ವರ್ಷ ಮಾಸ್ಟ್ರು ಪ್ರತಿ ಸೆಪ್ಟೆಂಬರಿನಲ್ಲಿ ನನಗೆ ತೆನೆಯ ಕಾಳು ಕಳಿಸಿದರು. ಬೊಂಬಾಯಿಯ ಮಗಳಿಗೆ ಒಂದು ಲಕೋಟೆ, ಪುಣೆಯ ನನಗೆ ಒಂದು. ಒಳಗೆ ಪತ್ರ ಇರುತ್ತಿರಲಿಲ್ಲ, ಕಾಳಿನ ಜೊತೆ ಒಂದು ಚೀಟಿಯಲ್ಲಿ ಹೆಸರುಗಳು ಮಾತ್ರ: ನನ್ನದು, ನನ್ನ ಹೆಂಡತಿಯದು, ಇಬ್ಬರು ಮಕ್ಕಳದು, ಊರಲ್ಲಿರುವ ಅಮ್ಮನದು. ಹೆಸರಿಗೊಂದು ಕಾಳು. ಕೊನೆಯ ವರ್ಷ ಅಕ್ಷರ ನಡುಗಿತ್ತು, ಕಾಳು ಮಾತ್ರ ಸರಿಯಾಗಿ ಐದೇ ಇದ್ದವು. ನಾನು ಎಣಿಸಿದೆ.