ಫೋನ್ ಕಳೆದುಹೋದರೆ ವ್ಯಾಲೆಟ್‌ನಲ್ಲಿರುವ ದುಡ್ಡೂ ಹೋಗುತ್ತದೆಯೇ?

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಒಳಗೆ ತಿರುಗುವ ಓಣಿಯೊಂದರಲ್ಲಿ ನನ್ನ ಲೆಕ್ಕಪತ್ರದ ಕಚೇರಿಯಿದೆ. ಜನ ಬರುವುದು ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ರಿಟರ್ನ್‌ಗಳಿಗಾಗಿ. ಆದರೆ 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭದ ಮೇಲೆ ಶೇ. 30ರ ತೆರಿಗೆಯೂ, ಅದೇ ವರ್ಷದ ಜುಲೈನಿಂದ ಮಾರಾಟದ ಮೇಲೆ ಶೇ. 1ರ ಟಿಡಿಎಸ್ಸೂ ಜಾರಿಗೆ ಬಂದ ಮೇಲೆ ಎಪಿಎಂಸಿ ವರ್ತಕರ ಮಕ್ಕಳು, ಎಂಜಿನಿಯರಿಂಗ್ ಓದುವ ಹುಡುಗರು, ಒಬ್ಬಿಬ್ಬರು ನಿವೃತ್ತ ಮೇಷ್ಟ್ರುಗಳು ಕೂಡ ಫೋನ್ ಹಿಡಿದುಕೊಂಡು ನನ್ನ ಮುಂದೆ ಕೂರತೊಡಗಿದ್ದಾರೆ. ತೆರಿಗೆಯ ಮಾತು ಮುಗಿದು ಏಳುವ ಹೊತ್ತಿಗೆ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಫೋನ್ ಕಳೆದುಹೋದರೆ ವ್ಯಾಲೆಟ್‌ನಲ್ಲಿರುವ ದುಡ್ಡೂ ಹೋಗುತ್ತದೆಯೇ? ಫೋನ್ ಹೋದ ಮಾತ್ರಕ್ಕೆ ದುಡ್ಡು ಹೋಗುವುದಿಲ್ಲ ಎಂಬುದು ನನ್ನ ಉತ್ತರ. ಅದು ಹೋಗುವ ದಾರಿಗಳು ಬೇರೆಯೇ ಇವೆ, ಮತ್ತು ಅವುಗಳ ಬಗ್ಗೆ ಯಾರೂ ಕೇಳುವುದಿಲ್ಲ.

ವ್ಯಾಲೆಟ್ ಎಂಬ ಹೆಸರೇ ನಮ್ಮ ದಾರಿ ತಪ್ಪಿಸುತ್ತದೆ. ಅದರೊಳಗೆ ಬಿಟ್‌ಕಾಯಿನ್ ಆಗಲಿ, ಡಾಲರಿನ ಬೆಲೆಗೆ ಕಟ್ಟಿಹಾಕಿದ ಯುಎಸ್‌ಡಿಟಿ ಎಂಬ ನಾಣ್ಯವಾಗಲಿ ಇರುವುದಿಲ್ಲ. ಯಾರ ಹೆಸರಿಗೆ ಎಷ್ಟಿದೆ ಎಂಬ ಲೆಕ್ಕ ಇರುವುದು ಬ್ಲಾಕ್‌ಚೈನ್ ಎಂಬ ಖಾತೆ ಪುಸ್ತಕದಲ್ಲಿ, ಅದೂ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ರೀತಿ ನಕಲಾಗಿ. ಆ ಪುಸ್ತಕದಲ್ಲಿ ‘ಇಷ್ಟನ್ನು ಇಂಥವರಿಗೆ ಕೊಡಿ’ ಎಂದು ಬರೆಸಲು ಬೇಕಾದ ಸಹಿಯ ಕೀಲಿ ಮಾತ್ರ ನಿಮ್ಮ ವ್ಯಾಲೆಟ್‌ನಲ್ಲಿರುತ್ತದೆ. ಆ ಕೀಲಿ ಒಂದು ಭಾರಿ ಸಂಖ್ಯೆ. ಮನುಷ್ಯರು ಅದನ್ನು ತಪ್ಪಿಲ್ಲದೆ ಬರೆದುಕೊಳ್ಳುವುದು ಕಷ್ಟ ಎಂಬ ಕಾರಣಕ್ಕೆ 2013ರಲ್ಲಿ ಬಿಐಪಿ-39 ಎಂಬ ಪದ್ಧತಿ ಬಂತು. 2048 ಇಂಗ್ಲಿಷ್ ಪದಗಳ ಒಂದು ಪಟ್ಟಿಯಿಂದ ಯಂತ್ರವೇ ಆರಿಸಿ ಕೊಡುವ 12 ಅಥವಾ 24 ಪದಗಳಿಂದ ನಿಮ್ಮ ಕೀಲಿಗಳೆಲ್ಲವೂ ಹುಟ್ಟುತ್ತವೆ. ಆ ಪಟ್ಟಿಯಲ್ಲಿ ಬಟರ್ ಇದೆ, ಕಾಟನ್ ಇದೆ, ಕಾರ್ನ್ ಕೂಡ ಇದೆ. ನಮ್ಮೂರಿನ ಬೆಣ್ಣೆ, ಹತ್ತಿ, ಮೆಕ್ಕೆಜೋಳ ಮೂರೂ ಅಲ್ಲಿ ಸಿಕ್ಕಾಗ ನನಗೆ ನಗು ಬಂದಿತ್ತು.

ಈ ಪದಗಳಿದ್ದರೆ ಯಾವ ಹೊಸ ಫೋನಿನಲ್ಲಾದರೂ ವ್ಯಾಲೆಟ್ ಮತ್ತೆ ತೆರೆದುಕೊಳ್ಳುತ್ತದೆ. ಇವು ನಿಮ್ಮ ಬಳಿ ಇಲ್ಲದೆ ಫೋನ್ ಹಾಳಾಯಿತೆಂದರೆ ತೆರೆದುಕೊಡುವವರು ಯಾರೂ ಇಲ್ಲ. ಯುಪಿಐ ಪಿನ್ ಮರೆತರೆ ಡೆಬಿಟ್ ಕಾರ್ಡ್ ಹಿಡಿದು ಹೊಸದನ್ನು ಮಾಡಿಕೊಳ್ಳುವ ಅಭ್ಯಾಸ ನಮ್ಮದು, ಹಾಗಾಗಿ ‘ಯಾರೂ ಇಲ್ಲ’ ಎಂಬ ಮಾತು ಕಿವಿಗೆ ಬಿದ್ದರೂ ತಲೆಗೆ ಇಳಿಯುವುದಿಲ್ಲ. ಸ್ಟೀಫನ್ ಥಾಮಸ್ ಎಂಬ ಪ್ರೋಗ್ರಾಮರ್ ತನ್ನ 7,002 ಬಿಟ್‌ಕಾಯಿನ್‌ಗಳ ಕೀಲಿಯನ್ನು ಹತ್ತು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಶಾಶ್ವತವಾಗಿ ಮುಚ್ಚಿಕೊಳ್ಳುವ ಡ್ರೈವ್ ಒಂದರಲ್ಲಿಟ್ಟು, ಪಾಸ್‌ವರ್ಡ್ ಬರೆದ ಚೀಟಿಯನ್ನು ಕಳೆದುಕೊಂಡರು. ಎಂಟು ಪ್ರಯತ್ನಗಳು ಮುಗಿದಿವೆ ಎಂದು 2021ರಲ್ಲಿ ಅವರೇ ಹೇಳಿದ್ದರು.

ಒಂದು ಮಳೆಗಾಲದಲ್ಲಿ ಮೆಕ್ಕೆಜೋಳದ ವರ್ತಕರೊಬ್ಬರ ಮಗ ನನ್ನ ಬಳಿ ಬಂದಿದ್ದ. ಫೋನ್ ಭದ್ರಾ ನಾಲೆಯ ಪಾಲಾಗಿತ್ತು. ಹನ್ನೆರಡು ಪದಗಳನ್ನು ಬರೆದಿದ್ದ ಹಾಳೆ ಬೈಕಿನ ಡಿಕ್ಕಿಯಲ್ಲಿ ಆರ್‌ಸಿ ಪುಸ್ತಕದ ಪ್ಲಾಸ್ಟಿಕ್ ಕವರಿನೊಳಗಿತ್ತು, ಆದರೆ ಮಳೆಯ ನೀರು ಅಲ್ಲಿಗೂ ಇಳಿದು ಮೂಲೆಯೊಂದರ ನೀಲಿ ಶಾಯಿಯನ್ನು ಹರಡಿಸಿತ್ತು. ಹನ್ನೊಂದು ಪದಗಳು ಸ್ಪಷ್ಟವಾಗಿದ್ದವು, ಒಂಬತ್ತನೆಯದರಲ್ಲಿ ಮೊದಲ ಮೂರು ಅಕ್ಷರಗಳು ಮಾತ್ರ ಉಳಿದಿದ್ದವು. ಅವನ ಮುಖ ನೋಡಲಾಗುತ್ತಿರಲಿಲ್ಲ. ಆ ಪಟ್ಟಿಯ ವಿಶೇಷವೆಂದರೆ ಅದರ ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರಗಳು ಒಂದೇ ಆಗಿರುವುದಿಲ್ಲ. ಮೂರೇ ಅಕ್ಷರ ಗೊತ್ತಿದ್ದರೂ ಆಯ್ಕೆಗಳು ಕೆಲವೇ ಉಳಿಯುತ್ತವೆ. ಉಳಿದದ್ದು ಸಿ-ಒ-ಆರ್ ಎಂದುಕೊಳ್ಳಿ (ಅವನ ನಿಜವಾದ ಪದ ಇದಲ್ಲ): ಕೋರಲ್, ಕೋರ್, ಕಾರ್ನ್, ಕರೆಕ್ಟ್, ಈ ನಾಲ್ಕನ್ನು ಬಿಟ್ಟು ಬೇರೆ ಪದವಿಲ್ಲ. ಅದೂ ಅಲ್ಲದೆ ಹನ್ನೆರಡನೆಯ ಪದದೊಳಗೆ ಉಳಿದವುಗಳ ತಾಳೆ ಲೆಕ್ಕ ಅಡಗಿರುವುದರಿಂದ, ತಪ್ಪು ಪದ ಹಾಕಿದರೆ ಹದಿನಾರಕ್ಕೆ ಹದಿನೈದು ಸಲ ಆ್ಯಪ್ ತಾನಾಗಿಯೇ ‘ಸರಿಯಿಲ್ಲ’ ಎನ್ನುತ್ತದೆ. ಅವನು ಹೊಸ ಫೋನಿನಲ್ಲಿ ಅದೇ ವ್ಯಾಲೆಟ್ ಆ್ಯಪ್ ಹಾಕಿಕೊಂಡು ಒಂದೊಂದಾಗಿ ಪದ ಬದಲಿಸುತ್ತ ಹೋದ, ಮೂರನೆಯದಕ್ಕೆ ಬ್ಯಾಲೆನ್ಸ್ ಕಾಣಿಸಿತು.

ಅಲ್ಲಿಗೆ ಕೆಲಸ ಮುಗಿದಿರಲಿಲ್ಲ. ಆ ಹಾಳೆಯನ್ನು ನಾನು ನೋಡಿದ್ದೆ, ನನ್ನ ಸಹಾಯಕನೂ ನೋಡಿದ್ದ. ಆ ಪದಗಳನ್ನು ನೋಡಿದವರೆಲ್ಲರೂ ಆ ದುಡ್ಡಿನ ಒಡೆಯರೇ ಆಗುವುದರಿಂದ, ಮನೆಗೆ ಹೋಗಿ ಹೊಸ ವ್ಯಾಲೆಟ್ ಮಾಡಿ ಎಲ್ಲವನ್ನೂ ಅದಕ್ಕೆ ವರ್ಗಾಯಿಸು ಎಂದು ಹೇಳಿ ಕಳಿಸಿದೆ. ಸಂಜೆ ಫೋನ್ ಬಂತು: ವರ್ಗಾವಣೆ ಆಗುತ್ತಿಲ್ಲ. ಅವನ ಯುಎಸ್‌ಡಿಟಿ ಟ್ರಾನ್ ಎಂಬ ಬ್ಲಾಕ್‌ಚೈನ್ ಜಾಲದಲ್ಲಿತ್ತು. ಆ ಜಾಲದ ಶುಲ್ಕವನ್ನು ಟಿಆರ್‌ಎಕ್ಸ್ ನಾಣ್ಯದಲ್ಲೇ ಕಟ್ಟಬೇಕು, ಅದು ಅವನಲ್ಲಿ ಒಂದೂ ಇರಲಿಲ್ಲ. ಗಾಡಿಯಿದೆ, ಪೆಟ್ರೋಲ್ ಇಲ್ಲ ಎನ್ನುವ ಸ್ಥಿತಿ. ಒಂದಷ್ಟು ಟಿಆರ್‌ಎಕ್ಸ್ ಕೊಂಡು ತರಿಸಿಕೊಂಡ ಮೇಲೆ ಕೆಲಸವಾಯಿತು. ಈ ಸಣ್ಣ ಸಂಗತಿಯ ಮೇಲೆಯೇ ಒಂದು ದೊಡ್ಡ ಮೋಸ ನಡೆಯುತ್ತದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಪರಿಚಿತನೊಬ್ಬ ಏನೂ ತಿಳಿಯದವನಂತೆ ತನ್ನ ಹನ್ನೆರಡು ಪದಗಳನ್ನು ಬಹಿರಂಗವಾಗಿ ಹಾಕಿ, ‘ಇದರಲ್ಲಿರುವ ಯುಎಸ್‌ಡಿಟಿ ತೆಗೆಯುವುದು ಹೇಗೆ’ ಎಂದು ಕೇಳುತ್ತಾನೆ. ಆಸೆಗೆ ಬಿದ್ದವರು ತೆರೆದು ನೋಡಿದರೆ ಸಾವಿರಾರು ಡಾಲರ್ ನಿಜವಾಗಿಯೂ ಇರುತ್ತದೆ, ಶುಲ್ಕಕ್ಕೆ ಮಾತ್ರ ಏನೂ ಇರುವುದಿಲ್ಲ. ಇವರು ಶುಲ್ಕಕ್ಕೆಂದು ಕಳಿಸಿದ ಟಿಆರ್‌ಎಕ್ಸ್ ಮರುಕ್ಷಣವೇ ಅವನ ಜೇಬು ಸೇರುತ್ತದೆ. ಕಳ್ಳತನ ಮಾಡಲು ಹೋಗಿ ಕಳ್ಳನಿಗೇ ದಕ್ಷಿಣೆ ಕೊಟ್ಟು ಬಂದವರ ಬಗ್ಗೆ ನನಗೆ ಹೆಚ್ಚು ಕನಿಕರವಿಲ್ಲ.

ಪದಗಳನ್ನು ಎಲ್ಲಿಡಬೇಕು ಎಂದರೆ, ಕಾಗದದ ಮೇಲೆ ಬರೆದು, ನೀರು ತಾಗದಂತೆ, ಎರಡು ಬೇರೆ ಜಾಗಗಳಲ್ಲಿ. ಸ್ಕ್ರೀನ್‌ಶಾಟ್ ಬೇಡವೇ ಬೇಡ. ಫೋಟೊಗಳು ನಮಗೆ ಗೊತ್ತಿಲ್ಲದೆಯೇ ಗೂಗಲ್ ಖಾತೆಗೆ ಏರಿರುತ್ತವೆ, ಜೊತೆಗೆ ಗ್ಯಾಲರಿಯ ಚಿತ್ರಗಳನ್ನು ಓದಿ ಈ ಬಗೆಯ ಪದಗಳನ್ನು ಹುಡುಕುವ ಸ್ಪಾರ್ಕ್‌ಕ್ಯಾಟ್ ಎಂಬ ಕುತಂತ್ರಾಂಶವು ಪ್ಲೇ ಸ್ಟೋರ್ ಮತ್ತು ಆ್ಯಪ್ ಸ್ಟೋರ್ ಎರಡರಲ್ಲಿಯೂ ಇದ್ದ ಆ್ಯಪ್‌ಗಳೊಳಗೆ ಅಡಗಿತ್ತೆಂದು 2025ರ ಫೆಬ್ರುವರಿಯಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಸೈಬರ್ ಭದ್ರತಾ ಸಂಸ್ಥೆ ತಿಳಿಸಿತು. ಇನ್ನು ಕೆಲವರು ಜಾಣತನದಿಂದ ಆರು ಪದ ಅಣ್ಣನ ಬಳಿ, ಆರು ಪದ ತಮ್ಮನ ಬಳಿ ಇಡುತ್ತಾರೆ. ಇಬ್ಬರಲ್ಲಿ ಯಾರ ಚೀಟಿ ಕಳೆದರೂ ಎಲ್ಲವೂ ಕಳೆಯುವುದರಿಂದ ಇದು ಅಪಾಯವನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ.

ಇಷ್ಟೆಲ್ಲ ತಲೆನೋವು ಏಕೆ, ಕ್ರಿಪ್ಟೊ ಕೊಂಡು ಮಾರುವ ಎಕ್ಸ್‌ಚೇಂಜ್‌ನಲ್ಲೇ ಬಿಟ್ಟರಾಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಆದರೆ ಅದು ಮಾಲು ಮಾರಿದ ದುಡ್ಡನ್ನು ದಲಾಲಿ ಅಂಗಡಿಯಲ್ಲಿಯೇ ಬಿಟ್ಟು ಬಂದ ಹಾಗೆ. ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಮೊತ್ತ ಬರೆದಿರುತ್ತದೆ, ತಿಜೋರಿಯ ಕೀಲಿ ಮಾತ್ರ ದಲಾಲರ ಸೊಂಟದಲ್ಲಿರುತ್ತದೆ. 2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾದಾಗ, ಗ್ರಾಹಕರು ತಮ್ಮ ನಾಣ್ಯಗಳನ್ನು ಹಿಂಪಡೆಯಲು ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಅಲ್ಲಿ ಕಳುವಾದ ವ್ಯಾಲೆಟ್ ಒಬ್ಬರ ಸಹಿಗೆ ತೆರೆಯುವಂಥದ್ದಾಗಿರಲಿಲ್ಲ. ಸಹಿ ಹಾಕಿದವರ ಪರದೆಯ ಮೇಲೆ ಕಂಡದ್ದು ಒಂದು, ಅವರು ಸಹಿ ಹಾಕಿದ್ದು ಇನ್ನೊಂದಕ್ಕೆ ಎಂದು ಕಂಪನಿ ಹೇಳಿತು. 2025ರ ಫೆಬ್ರುವರಿಯಲ್ಲಿ ಬೈಬಿಟ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಹೋದದ್ದೂ ಹೆಚ್ಚುಕಡಿಮೆ ಇದೇ ಬಗೆಯಲ್ಲಿ.

ನಿಜವಾದ ಅಪಾಯ ಇರುವುದು ಈ ಸಹಿಯಲ್ಲಿಯೇ. ಕೀಲಿ ಭದ್ರವಾಗಿದ್ದರೂ ನಾವೇ ಒಪ್ಪಿಗೆಯ ಗುಂಡಿ ಒತ್ತಿಬಿಟ್ಟರೆ ತಡೆಯುವವರಿಲ್ಲ. ಉಚಿತ ಟೋಕನ್ (ಕ್ರಿಪ್ಟೊ ನಾಣ್ಯ) ಕೊಡುತ್ತೇವೆನ್ನುವ ತಾಣಕ್ಕೆ ವ್ಯಾಲೆಟ್ ಜೋಡಿಸಿದಾಗ ‘ಅಪ್ರೂವ್’ ಎಂದು ಕೇಳುತ್ತದೆ. ಅದು ಎಷ್ಟೋ ಸಲ ನಿಮ್ಮ ಇಡೀ ಟೋಕನ್ ಮೊತ್ತವನ್ನು ಯಾವಾಗ ಬೇಕಾದರೂ ಎತ್ತಿಕೊಳ್ಳಲು ಕೊಡುವ ಅನುಮತಿಯಾಗಿರುತ್ತದೆ, ಖಾಲಿ ಚೆಕ್ಕಿಗೆ ಸಹಿ ಹಾಕಿ ಬೀದಿಯಲ್ಲಿ ಹೋಗುವವನ ಕೈಗಿತ್ತ ಹಾಗೆ. ಹಿಂದೆ ಕೊಟ್ಟ ಅನುಮತಿಯನ್ನು ರದ್ದು ಮಾಡಲು ಸಾಧ್ಯವಿದೆ, ಹೋದ ಟೋಕನ್ ವಾಪಸು ಬರುವುದಿಲ್ಲ. ನಾಣ್ಯ ಕಳಿಸಬೇಕಾದ ವಿಳಾಸದ ವಿಷಯವೂ ಹಾಗೆಯೇ. ಇಥೀರಿಯಂ ಎಂಬ ಬ್ಲಾಕ್‌ಚೈನ್‌ನ ವಿಳಾಸ 42 ಅಕ್ಷರಗಳಷ್ಟು ಉದ್ದ, ನಾವು ನೋಡುವುದು ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು. ಇದನ್ನರಿತ ಕಳ್ಳರು ಎರಡೂ ತುದಿ ಹೊಂದುವ ವಿಳಾಸ ಸೃಷ್ಟಿಸಿ, ಅದರಿಂದ ನಮಗೆ ಪುಡಿಗಾಸು ಕಳಿಸಿ, ನಮ್ಮ ಹಳೆಯ ವ್ಯವಹಾರಗಳ ಸಾಲಿನಲ್ಲಿ ಕುಳಿತು ಕಾಯುತ್ತಾರೆ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ ಹಳೆಯ ಸಾಲಿನಿಂದ ವಿಳಾಸ ನಕಲು ಮಾಡಿ ಸುಮಾರು 6.8 ಕೋಟಿ ಡಾಲರ್ ಮೌಲ್ಯದ್ದನ್ನು ಕಳ್ಳನಿಗೇ ಕಳಿಸಿಬಿಟ್ಟರು. ಅವರ ಅದೃಷ್ಟಕ್ಕೆ ಮಾತುಕತೆ ನಡೆದು ಅದು ಹಿಂತಿರುಗಿತು. ದೊಡ್ಡ ಮೊತ್ತ ಇಟ್ಟುಕೊಂಡವರು ಕೀಲಿಯನ್ನು ಇಂಟರ್ನೆಟ್‌ನಿಂದ ದೂರವಿಡುವ ಹಾರ್ಡ್‌ವೇರ್ ವ್ಯಾಲೆಟ್ ಕೊಳ್ಳುವುದು ಒಳ್ಳೆಯದು. ಆದರೆ ಅದರ ಪುಟ್ಟ ಪರದೆಯ ಮೇಲಿನ ವಿಳಾಸವನ್ನು ಪೂರ್ತಿ ಓದದೆ ಗುಂಡಿ ಒತ್ತುವವರಿಗೆ ಅದರಿಂದ ಅರ್ಧ ರಕ್ಷಣೆ ಮಾತ್ರ.

ಲೆಕ್ಕಿಗನಾಗಿ ಒಂದು ಮಾತು ಸೇರಿಸಲೇಬೇಕು. ಟೆಲಿಗ್ರಾಂ ಗುಂಪಿನಲ್ಲಿ ಪರಿಚಯವಾದವರು ಕೊಟ್ಟ ಆ್ಯಪ್‌ನಲ್ಲಿ ನಿಮ್ಮ ಐವತ್ತು ಸಾವಿರ ನಾಲ್ಕು ಲಕ್ಷವಾಗಿ ಕಾಣುತ್ತಿದ್ದು, ಅದನ್ನು ಬಿಡಿಸಿಕೊಳ್ಳಲು ಮೊದಲು ಶೇ. 30ರ ತೆರಿಗೆ ಕಟ್ಟಿ ಎಂದು ಕೇಳಿದರೆ, ಅಲ್ಲಿರುವುದು ದುಡ್ಡಲ್ಲ, ಬರಿಯ ಅಂಕಿ. ಆ ತೆರಿಗೆಯನ್ನು ನಾವು ಸರ್ಕಾರಕ್ಕೆ ಚಲನ್ ಮೂಲಕ ಕಟ್ಟುತ್ತೇವೆ, ಯಾವ ಆ್ಯಪ್‌ಗೂ ಅಲ್ಲ. ಇಂಥದ್ದಕ್ಕೆ ಬ್ಯಾಂಕ್ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಬ್ಯಾಂಕುಗಳ ನಡುವೆ ಇರುವಾಗ ತಡೆಹಿಡಿಯುವ ಸಾಧ್ಯತೆಯಿದೆ, ಕ್ರಿಪ್ಟೊ ಆಗಿ ಮಾರ್ಪಟ್ಟ ಮೇಲೆ ಅದು ತೀರಾ ಕಡಿಮೆ.

ಆ ಹುಡುಗನ ಹೊಸ ಹಾಳೆ ಈಗ ಬ್ಯಾಂಕ್ ಲಾಕರಿನಲ್ಲಿ ಅವನ ಅಜ್ಜಿಯ ಕಾಸಿನ ಸರದ ಡಬ್ಬಿಯೊಳಗಿದೆ. ಸ್ವಂತ ವ್ಯಾಲೆಟ್‌ಗೆ ನಾಮಿನಿ ಎಂಬ ಏರ್ಪಾಡಿಲ್ಲವಾದ್ದರಿಂದ, ಅದೇನು, ಏನಾದರೂ ಆದರೆ ಯಾರನ್ನು ಕೇಳಬೇಕು ಎಂದು ತಾಯಿಗೆ ಒಂದು ಪುಟದ ಕನ್ನಡದ ಪತ್ರ ಬರೆದಿಡಲು ಹೇಳಿದೆ. ಬರೆದು ತಂದು ತೋರಿಸಿದ. ಅಕ್ಷರ ದುಂಡಗಿದ್ದವು, ಆದರೆ ಮೂರನೆಯ ಸಾಲಿನಲ್ಲಿಯೇ ಆ ಹನ್ನೆರಡು ಪದಗಳನ್ನೂ ಬರೆದುಬಿಟ್ಟಿದ್ದ. ಪತ್ರವನ್ನು ಮಡಚಿ ಅವನ ಕೈಗಿತ್ತು, ಮನೆಗೆ ಹೋಗಿ ಮತ್ತೊಂದು ವ್ಯಾಲೆಟ್ ಮಾಡು ಎಂದೆ.