ಮೂರು ತಂತಿಯ ವಾದ್ಯ, ಮುಳ್ಳುತಂತಿಯ ಬೇಲಿ: ಒಕಿನಾವಾದ ಹಾಡುಗಾರರು

ಜಪಾನಿನ ಜನಪ್ರಿಯ ಸಂಗೀತವೆಲ್ಲ ಟೋಕಿಯೋದಲ್ಲೇ ಹುಟ್ಟುತ್ತದೆ ಎಂದು ದೂರದಲ್ಲಿರುವ ನಮಗೆ ಅನ್ನಿಸುವುದು ಸಹಜ. ಧ್ವನಿಮುದ್ರಣ ಸಂಸ್ಥೆಗಳೂ ಟಿವಿ ವಾಹಿನಿಗಳೂ ಅಲ್ಲಿವೆ ಎಂಬುದು ನಿಜವೇ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಆ ದೇಶವನ್ನು ಕುಣಿಸಿದ, ಅಳಿಸಿದ ಗಾಯಕರ ಊರುಗಳನ್ನು ಕೇಳುತ್ತ ಹೋದರೆ ಉತ್ತರ ಮತ್ತೆ ಮತ್ತೆ ಒಂದೇ ದಿಕ್ಕಿಗೆ ತಿರುಗುತ್ತದೆ. ಟೋಕಿಯೋದಿಂದ 1,500 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಅದಕ್ಕಿಂತ ತೈವಾನಿಗೇ ಹತ್ತಿರವಾಗಿ, ಹದಿನೈದು ಲಕ್ಷ ಜನರೂ ಇಲ್ಲದ ದ್ವೀಪಗಳ ಗೊಂಚಲು ಒಕಿನಾವಾ. ಇಲ್ಲಿನ ಒನ್ನಾ ಎಂಬ ಹಳ್ಳಿಯಲ್ಲಿರುವ ಸಂಶೋಧನಾ ವಿಶ್ವವಿದ್ಯಾಲಯಕ್ಕೆ ಕೆಲಸದ ಮೇಲೆ ಬಂದು ನೆಲೆಸಿರುವ ನನಗೆ, ಈ ಹಾಡುಗಳು ಮುಖ್ಯಭೂಮಿಯ ಜಾಹೀರಾತುಗಳಲ್ಲಿ ಕೇಳಿಸುವ ರೀತಿಯೇ ಬೇರೆ, ಇಲ್ಲಿಯ ಬೀದಿಯಲ್ಲಿ ಕೇಳಿಸುವ ರೀತಿಯೇ ಬೇರೆ ಎಂದು ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಅಲ್ಲಿಯವರಿಗೆ ಇದು ನೀಲಿ ಸಮುದ್ರದ, ರಜೆಯ ಸಂಗೀತ. ಇಲ್ಲಿಯವರಿಗೆ ಯುದ್ಧವನ್ನೂ ಸೇನಾನೆಲೆಗಳನ್ನೂ ಹಾದುಬಂದ ಸಂಗೀತ, ಮತ್ತು ಅದನ್ನು ಅವರು ನಗುತ್ತಲೇ ಹಾಡುತ್ತಾರೆ.

ಮೊದಲು ವಾದ್ಯದ ಮಾತು. ಸಾನ್‌ಶಿನ್ ಎಂಬುದು ಮೂರು ತಂತಿಗಳ, ಹೆಬ್ಬಾವಿನ ಚರ್ಮ ಹೊದಿಸಿದ ಪುಟ್ಟ ಬುರುಡೆಯ ವಾದ್ಯ. ಒಕಿನಾವಾ ರ್‍ಯೂಕ್ಯೂ ಎಂಬ ಸ್ವತಂತ್ರ ರಾಜ್ಯವಾಗಿದ್ದಾಗ ಚೀನಾದಿಂದ ಬಂದ ಇದು ಮುಂದೆ ಜಪಾನಿಗೆ ಹೋಗಿ ಶಾಮಿಸೆನ್ ಆಯಿತು. ಇದರಲ್ಲಿ ನುಡಿಸುವ ಹಳೆಯ ಹಾಡುಗಳನ್ನು ಕೇಳಿದ ಕರ್ನಾಟಕ ಸಂಗೀತದ ಕಿವಿಗೆ ತಟ್ಟನೆ ಪರಿಚಯ ಸಿಗುತ್ತದೆ. ಷಡ್ಜ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕಾಕಲಿ ನಿಷಾದ ಎಂಬ ಐದು ಸ್ವರಗಳಷ್ಟೇ ಇರುವ ಈ ಶ್ರೇಣಿಯ ಸ್ವರಗಳು ನಮ್ಮ ಗಂಭೀರನಾಟ ರಾಗದವೇ. ಮೈಸೂರಿನ ಜಯಚಾಮರಾಜ ಒಡೆಯರು ‘ಶ್ರೀ ಜಾಲಂಧರಮಾಶ್ರಯಾಮ್ಯಹಂ’ ಕೃತಿಯನ್ನು ರಚಿಸಿದ ರಾಗವದು. ಗಮಕವಿಲ್ಲ, ನಡೆ ಬೇರೆ, ಭಾವವಂತೂ ಪೂರ್ತಿ ಬೇರೆ. ಆದರೂ ಊರಿನವರಿಗೆ ಒಕಿನಾವಾದ ಹಾಡನ್ನು ಮೊದಲ ಸಲ ಕೇಳಿಸುವಾಗ ನಾನು ಆ ರಾಗದ ಹೆಸರನ್ನೇ ಹಿಡಿದು ಶುರುಮಾಡುತ್ತೇನೆ.

1945ರ ವಸಂತದಲ್ಲಿ ಅಮೆರಿಕದ ಸೇನೆ ಇಲ್ಲಿ ಇಳಿಯಿತು. ಮುಂದಿನ ಮೂರು ತಿಂಗಳಲ್ಲಿ ದ್ವೀಪದ ಸಾಮಾನ್ಯ ಜನರಲ್ಲಿ ಸುಮಾರು ನಾಲ್ಕರಲ್ಲೊಬ್ಬರು ಸತ್ತರು. ಉಳಿದವರನ್ನು ತುಂಬಿದ ಶಿಬಿರಗಳಲ್ಲಿ ವಾದ್ಯಗಳಿರಲಿಲ್ಲ. ಆಹಾರದ ಖಾಲಿ ಡಬ್ಬ, ಮುರಿದ ಮಂಚದ ಮರ, ಪ್ಯಾರಾಚೂಟಿನ ದಾರ ಸೇರಿಸಿ ಜನ ಸಾನ್‌ಶಿನ್ ಮಾಡಿಕೊಂಡರು. ‘ಕಾಂಕಾರಾ’ ಎಂಬ ಆ ಡಬ್ಬದ ಸಾನ್‌ಶಿನ್ ಈಗ ಅಂಗಡಿಗಳಲ್ಲಿ ಪ್ರವಾಸಿಗರಿಗಾಗಿ ಬಣ್ಣ ಬಳಿದುಕೊಂಡು ನೇತಾಡುತ್ತದೆ. ನೋಡಲು ಮುದ್ದಾಗಿಯೇ ಇದೆ, ಆದರೆ ನನಗೆ ಅದನ್ನು ಕೊಳ್ಳುವ ಮನಸ್ಸಾಗಿಲ್ಲ.

ಯುದ್ಧದ ನಂತರ 1972ರ ಮೇ 15ರವರೆಗೆ ಒಕಿನಾವಾ ಅಮೆರಿಕದ ಆಡಳಿತದಲ್ಲಿತ್ತು. ಕಾದೇನಾ ವಾಯುನೆಲೆಯ ಬಾಗಿಲಿಗೆ ಅಂಟಿಕೊಂಡು ಬೆಳೆದ ಕೊಜಾ ಎಂಬ ಊರಿನಲ್ಲಿ ವಿಯೆಟ್ನಾಂ ಯುದ್ಧದ ಕಾಲದ ಬಾರುಗಳು ಡಾಲರಿನಲ್ಲಿ ತುಂಬಿ ತುಳುಕುತ್ತಿದ್ದವು. ಇಂದೋ ನಾಳೆಯೋ ಯುದ್ಧಭೂಮಿಗೆ ಹೋಗಲಿರುವ ಸೈನಿಕರೇ ಅಲ್ಲಿಯ ಶ್ರೋತೃಗಳು. ನುಡಿಸಿದ್ದು ಹಿಡಿಸದಿದ್ದರೆ ಬಾಟಲಿ ವೇದಿಕೆಗೇ ಹಾರಿಬರುವಂಥ ಸಭೆಯದು. ಅಂಥವರ ಮುಂದೆ ಪಳಗಿದ ‘ಮುರಾಸಾಕಿ’, ‘ಕಂಡಿಷನ್ ಗ್ರೀನ್’ ಎಂಬ ರಾಕ್ ತಂಡಗಳು ಎಪ್ಪತ್ತರ ದಶಕದಲ್ಲಿ ಮುಖ್ಯಭೂಮಿಗೆ ಹೋದಾಗ ಅಲ್ಲಿಯವರು ಬೆರಗಾದರು. ಅದೇ ಊರಿನಲ್ಲಿ 1948ರಲ್ಲಿ ಹುಟ್ಟಿದ ಕೀನಾ ಶೋಕಿಚಿ ಮಾತ್ರ ಬೇರೆ ದಾರಿ ಹಿಡಿದರು. ಜನಪದ ಗಾಯಕನ ಮಗನಾದ ಅವರು ತಂದೆಯ ಸಾನ್‌ಶಿನ್ನಿಗೆ ಬಾರಿನ ಎಲೆಕ್ಟ್ರಿಕ್ ಗಿಟಾರನ್ನು ಜೋಡಿಸಿ ‘ಚಾಂಪ್ಲೂಸ್’ ತಂಡ ಕಟ್ಟಿದರು. ಹದಿಹರೆಯದಲ್ಲೇ ಅವರು ರಚಿಸಿದ ‘ಹಾಯ್‌ಸಾಯ್ ಓಜಿಸಾನ್’ ಒಬ್ಬ ಹುಡುಗ ಪಕ್ಕದ ಮನೆಯ ಕುಡುಕ ಮಾವನನ್ನು ಗೇಲಿ ಮಾಡುವ ಹಾಡು. ಶಾಲಾ ಬೇಸ್‌ಬಾಲ್ ಪಂದ್ಯಗಳಲ್ಲಿ ಒಕಿನಾವಾ ತಂಡಕ್ಕೆ ಹುರಿದುಂಬಿಸಲು ಇಂದಿಗೂ ಅದನ್ನು ಊದುತ್ತಾರೆ, ಮಕ್ಕಳು ಅದಕ್ಕೆ ಕುಣಿಯುತ್ತಾರೆ. ಆದರೆ ಕೀನಾ ಅವರೇ ಮುಂದೆ ಹೇಳಿಕೊಂಡಂತೆ, ಆ ಮಾವನ ಹೆಂಡತಿ ಯುದ್ಧದ ಆಘಾತದಿಂದ ಬುದ್ಧಿ ಕಳೆದುಕೊಂಡು ಹೆತ್ತ ಮಗುವನ್ನೇ ಕೊಂದಿದ್ದಳು. ಊರು ಆ ಮನೆಯನ್ನು ದೂರವಿಟ್ಟಿತ್ತು. ಕುಡಿದು ಅಲೆಯುತ್ತಿದ್ದ ಆ ಮನುಷ್ಯನನ್ನು ಮಾತಾಡಿಸುತ್ತಿದ್ದದ್ದು ಹುಡುಗರು ಮಾತ್ರ. ಇದನ್ನು ತಿಳಿದ ಮೇಲೆ ಆ ಹಾಡಿಗೆ ಕಾಲು ಕುಣಿಸುವಾಗ ನನಗೆ ಮುಜುಗರವಾಗುತ್ತದೆ. ಇಲ್ಲಿಯ ಹಿರಿಯರಿಗೆ ಆಗುವುದಿಲ್ಲ. ಅವರು ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಕಾಚಾಶೀ ಕುಣಿತಕ್ಕೆ ಇಳಿದೇಬಿಡುತ್ತಾರೆ. ನಗುವೇ ಆ ಹಾಡಿನ ಮರ್ಯಾದೆ ಎಂದು ಅವರ ಎಣಿಕೆಯಿರಬೇಕು.

ಪರಿಚಿತರ ಮನೆಗಳಲ್ಲಿ ಹೆಚ್ಚು ಕೇಳಿಬರುವುದು ಬಿಗಿನ್ ತಂಡದ ಹಾಡುಗಳು. ಇಶಿಗಾಕಿ ದ್ವೀಪದ ಮೂವರು ಬಾಲ್ಯಸ್ನೇಹಿತರ ಈ ತಂಡ 1990ರ ಸುಮಾರಿಗೆ ಟಿವಿ ಸ್ಪರ್ಧೆಯೊಂದರ ಮೂಲಕ ಬೆಳಕಿಗೆ ಬಂದದ್ದು ಬ್ಲೂಸ್ ಶೈಲಿಯಲ್ಲಿ. ಊರಿನ ಧಾಟಿಗೆ ಅವರು ಮರಳಿದ್ದು ಆಮೇಲೆ. ಅವರು ರಾಗ ಹಾಕಿದ ‘ನಾದಾ ಸೋಸೋ’ದ ಸಾಹಿತ್ಯವನ್ನು ಟೋಕಿಯೋದ ಹಿರಿಯ ಗಾಯಕಿ ಮೊರಿಯಾಮಾ ರ್‍ಯೋಕೋ ತೀರಿಕೊಂಡ ತಮ್ಮ ಅಣ್ಣನನ್ನು ನೆನೆದು ಬರೆದರು. ಇಶಿಗಾಕಿಯವರೇ ಆದ ನತ್ಸುಕಾವಾ ರಿಮಿ 2001ರಲ್ಲಿ ಅದನ್ನು ಹಾಡಿದ ಮೇಲೆ ಅದು ದೇಶಕ್ಕೆಲ್ಲ ತಲುಪಿತು. ಒಕಿನಾವಾ ಜಪಾನಿಗೆ ಮರಳಿದ ಮೂವತ್ತನೆಯ ವರ್ಷವಾದ 2002ರಲ್ಲಿ ಬಿಗಿನ್ ತಂಡದವರು ತಮ್ಮ ಊರಿನ ಶಾಲಾಮಕ್ಕಳಿಂದ ದ್ವೀಪದ ಬಗ್ಗೆ ಅನ್ನಿಸಿದ್ದನ್ನು ಬರೆಸಿಕೊಂಡು, ಆ ಬರಹಗಳಿಂದ ‘ಶಿಮಾಂಚು ನು ತಾಕಾರಾ’ ಕಟ್ಟಿದರು. ಮದುವೆಯಾಗಲಿ, ಕಚೇರಿಯ ಬೀಳ್ಕೊಡುಗೆಯಾಗಲಿ, ಅದಿಲ್ಲದೆ ಇಲ್ಲಿ ಮುಗಿದದ್ದನ್ನು ನಾನು ಕಂಡಿಲ್ಲ.

ಹೊರಗಿನವನೊಬ್ಬನ ಹೆಸರನ್ನೂ ಇಲ್ಲಿ ಹೇಳಲೇಬೇಕು. ‘ದಿ ಬೂಮ್’ ತಂಡದ ಮಿಯಾಜಾವಾ ಕಾಜುಫುಮಿ ಫುಜಿ ಪರ್ವತದ ಕಡೆಯ ಯಾಮಾನಾಶಿಯವರು. ಯುದ್ಧದಲ್ಲಿ ಶುಶ್ರೂಷೆಗೆ ಎಳೆದೊಯ್ದ ಶಾಲಾಬಾಲಕಿಯರ ನೆನಪಿನ ಹಿಮೆಯುರಿ ಸಂಗ್ರಹಾಲಯವನ್ನು ಕಂಡು, ಬದುಕುಳಿದವರ ಮಾತು ಕೇಳಿ ಅವರು ಬರೆದ ‘ಶಿಮಾ ಉತಾ’ 1992ರಲ್ಲಿ ಹೊರಬಂತು. ಕೇಳುವವರಿಗೆ ಅದೊಂದು ಅಗಲಿಕೆಯ ಪ್ರೇಮಗೀತೆ. ಹಾಡಿನ ಬಹುಭಾಗ ಒಕಿನಾವಾದ ಐದು ಸ್ವರಗಳಲ್ಲಿದೆ. ಕಬ್ಬಿನ ಗದ್ದೆಯ ಕೆಳಗೆ, ಅಂದರೆ ಜನ ಅಡಗಿ ಸತ್ತ ಗುಹೆಗಳಲ್ಲಿ, ಎಂದೆಂದಿಗೂ ಅಗಲಿದ ಸಾಲು ಬಂದಾಗ ಮಾತ್ರ ಅವರು ಬೇಕೆಂದೇ ಆ ಸ್ವರಗಳನ್ನು ಬಿಟ್ಟುಕೊಟ್ಟು ಪಾಶ್ಚಾತ್ಯ ಶ್ರೇಣಿಗೆ ಹೋಗುತ್ತಾರೆ. ಆ ಸಾವುಗಳನ್ನು ತಂದದ್ದು ಒಕಿನಾವಾ ಅಲ್ಲ ಎಂಬ ಕಾರಣಕ್ಕೆ. ಮುಖ್ಯಭೂಮಿಯವನು ನಮ್ಮ ಧಾಟಿ ಹಾಡುವುದೇ ಎಂಬ ಆಕ್ಷೇಪ ಮೊದಮೊದಲು ಇಲ್ಲಿ ಇತ್ತು. ಅವರು ಮುಂದೆ ಯೊಮಿತಾನ್ ಹಳ್ಳಿಯಲ್ಲಿ, ಸಾನ್‌ಶಿನ್ನಿನ ಕುತ್ತಿಗೆಗೆ ಬೇಕಾದ, ಬಲಿಯಲು ನೂರು ವರ್ಷ ಹಿಡಿಯುವ ಕರಿಮರದ ಜಾತಿಯ ಸಸಿಗಳನ್ನು ಊರವರೊಡನೆ ನೆಡಲು ತೊಡಗಿದ್ದು ಆ ಆಕ್ಷೇಪಕ್ಕೆ ಸಾಕಾದ ಉತ್ತರವೆಂದು ನನ್ನ ಅಭಿಪ್ರಾಯ.

ತೊಂಬತ್ತರ ದಶಕದ ಕತೆಗೆ ಸಾನ್‌ಶಿನ್ನಿನ ಹಂಗಿಲ್ಲ. 1983ರಲ್ಲಿ ಶುರುವಾದ ಒಕಿನಾವಾ ಆ್ಯಕ್ಟರ್ಸ್ ಸ್ಕೂಲ್ ಎಂಬ ತರಬೇತಿ ಶಾಲೆಯಿಂದ ಗಾಯಕಿ ಅಮುರೊ ನಾಮಿಯೆ, ಮ್ಯಾಕ್ಸ್, ಸ್ಪೀಡ್, ಡಾ ಪಂಪ್ ತಂಡಗಳು ಸಾಲಾಗಿ ಹೊರಟು ದೇಶದ ಟಿವಿಯನ್ನೇ ಆಕ್ರಮಿಸಿದರು. ಒಕಿನಾವಾದ ರಾಜಧಾನಿ ನಾಹಾದಲ್ಲಿ 1977ರಲ್ಲಿ ಹುಟ್ಟಿದ ಅಮುರೊ ಅವರ ಕೇಶಾಲಂಕಾರ, ಎತ್ತರದ ಬೂಟುಗಳು, ತೆಳು ಹುಬ್ಬುಗಳನ್ನು ಒಂದು ಪೀಳಿಗೆಯ ಹುಡುಗಿಯರೇ ಅನುಕರಿಸಿದರು. ಅವರ ಹಾಡಿನಲ್ಲಿ ಒಕಿನಾವಾ ಎಲ್ಲಿದೆ ಎಂದು ಹುಡುಕಿದರೆ ಸಿಗುವುದು ಕಷ್ಟ. ಆದರೂ 2018ರ ಸೆಪ್ಟೆಂಬರಿನಲ್ಲಿ ನಿವೃತ್ತರಾಗುವಾಗ ಅವರು ಕೊನೆಯ ವೇದಿಕೆಗೆ ಆರಿಸಿಕೊಂಡದ್ದು ಟೋಕಿಯೋವನ್ನಲ್ಲ, ನಾಹಾಕ್ಕೆ ಹತ್ತಿರದ ಗಿನೋವಾನ್ ನಗರವನ್ನು.

ಅಮುರೊ ಪೀಳಿಗೆಯ ಬೆನ್ನಿಗೇ ಬಂದ ಹುಡುಗರಿಗೆ ಟೋಕಿಯೋಗೆ ಹೋಗುವ ಅವಸರವೇ ಇರಲಿಲ್ಲ. ಉರಾಸೋಯೆಯ ಶಾಲಾಗೆಳೆಯರು ಕಟ್ಟಿದ ಮಂಗೋಲ್ 800 ತಂಡದ ‘ಮೆಸೇಜ್’ ಆಲ್ಬಂ 2001ರಲ್ಲಿ ಹೊರಬಂದು, ದೊಡ್ಡ ಕಂಪನಿಯೊಂದರ ಆಸರೆಯಿಲ್ಲದೆಯೇ ಮರುವರ್ಷ ದೇಶದಲ್ಲಿ ಮೊದಲ ಸ್ಥಾನಕ್ಕೇರಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅದರಲ್ಲಿನ ‘ಚೀಸಾನಾ ಕೋಯಿ ನೊ ಉತಾ’ವನ್ನು ಜಪಾನಿನ ಯಾವ ಮೂಲೆಯ ಕರೋಕೆಯಲ್ಲಿ ಶುರುಮಾಡಿದರೂ ಉಳಿದವರು ದನಿಗೂಡಿಸುತ್ತಾರೆ. ಎಚ್‌ವೈ ತಂಡವಂತೂ ಹೆಸರಿನಲ್ಲೇ ತನ್ನ ಕೇರಿಯಾದ ಹಿಗಾಶಿ ಯಾಕೆನಾವನ್ನು ಹೊತ್ತುಕೊಂಡಿದೆ. ಕೊಜಾ ಈಗ ಒಕಿನಾವಾ ನಗರವಾಗಿದೆ. ಆರೆಂಜ್ ರೇಂಜ್ ತಂಡದವರು ಅಲ್ಲಿಯವರು. ಯೊಮಿತಾನ್‌ನ ಇಬ್ಬರು ಗೆಳತಿಯರ ಕಿರೋರೋ ಜೋಡಿಯ ‘ಮಿರಾಯಿ ಎ’ ಚೀನೀ ಭಾಷೆಗೂ ಹೋಗಿ ಅಲ್ಲಿಯದೇ ಎಂಬಷ್ಟು ಹೆಸರಾಯಿತು.

ಈಗಿನ ಹುಡುಗರು ಕೇಳುವುದು ರ್‍ಯಾಪ್. ನಾಹಾದ ಗಾಯಕಿ ಆವಿಚ್ 2022ರಲ್ಲಿ ಟೋಕಿಯೋದ ಬುದೋಕಾನ್ ಸಭಾಂಗಣದಲ್ಲಿ ಒಬ್ಬಂಟಿಯಾಗಿ ಕಾರ್ಯಕ್ರಮ ಕೊಟ್ಟವರು. ಜಪಾನಿ, ಇಂಗ್ಲಿಷ್ ಮತ್ತು ಒಕಿನಾವಾದ ನುಡಿ ಮೂರನ್ನೂ ಬೆರೆಸುತ್ತಾರೆ. ಊರಿನಿಂದ ಬರುವ ಸ್ನೇಹಿತರು ಕಡಲತೀರದ ಹೋಟೆಲುಗಳನ್ನೇ ಕೇಳುತ್ತಾರೆ. ಒಂದು ಸಂಜೆಯನ್ನಾದರೂ ಕೊಜಾದ ಗೇಟ್ 2 ಬೀದಿಗೆ ಮೀಸಲಿಡಿ ಎಂದು ನಾನು ಹೇಳುತ್ತೇನೆ. ಹತ್ತಿರದಲ್ಲೇ ಇರುವ ‘ಹಿಸ್ಟ್ರೀಟ್’ ಎಂಬ ನಗರದ ಪುಟ್ಟ ಸಂಗ್ರಹಾಲಯದಲ್ಲಿ ಯುದ್ಧಾನಂತರದ ಕೊಜಾದ ಬದುಕನ್ನು ಜೋಡಿಸಿಟ್ಟಿದ್ದಾರೆ. ಹಗಲಿನಲ್ಲೇ ಅದನ್ನು ನೋಡಿಕೊಂಡು, ಕತ್ತಲಾದ ಮೇಲೆ ಯಾವುದಾದರೂ ಲೈವ್ ಹೌಸ್ ಹೊಕ್ಕರೆ ಮುರಾಸಾಕಿ ಕಾಲದ ರಾಕ್ ಹಾಡುಗಳನ್ನು ನುಡಿಸುವವರು ಈಗಲೂ ಸಿಗುತ್ತಾರೆ.